ನೇಪಾಳದ ಬಂದೀಪುರದಲ್ಲಿ ಎರಡು ದಿನ

ಬಂಡೀಪುರವೆಂದರೆ ಕನ್ನಡಿಗರ ಕಣ್ಣಿಗೆ ಕಟ್ಟುವುದು ಹುಲಿಗಳ ಕಾಡು. ಹೆಚ್ಚುಕಡಿಮೆ ಅದೇ ಹೆಸರಿನ ಇನ್ನೊಂದು ಊರು, ಬಂದೀಪುರ, ನೇಪಾಳದ ತನಹುಂ ಜಿಲ್ಲೆಯಲ್ಲಿ, ಸುಮಾರು 1,030 ಮೀಟರ್ ಎತ್ತರದ ಗುಡ್ಡದ ನೆತ್ತಿಯ ಮೇಲಿದೆ. ಕಠ್ಮಂಡುವಿನಿಂದ ಪೋಖರಾಕ್ಕೆ ಹೋಗುವ ಪೃಥ್ವಿ ಹೆದ್ದಾರಿಯಲ್ಲಿ ಡುಮ್ರೆ ಎಂಬಲ್ಲಿ ಬಸ್ಸಿಳಿದು, ಜೀಪಿನಲ್ಲಿ ಎಂಟು ಕಿಲೋಮೀಟರ್ ಏರುದಾರಿ ಹತ್ತಿ ನಾನು ಅಲ್ಲಿಗೆ ತಲುಪಿದಾಗ ಮಧ್ಯಾಹ್ನವಾಗಿತ್ತು.

ಅದಕ್ಕೂ ಮೊದಲು ಕಠ್ಮಂಡು ಕಣಿವೆಯ ಹಳೆಯ ರಾಜಧಾನಿ ಭಕ್ತಪುರದಲ್ಲಿ ಎರಡು ದಿನ ಕಳೆದಿದ್ದೆ. ಬಂದೀಪುರದ ಪೇಟೆಯನ್ನು ಕಟ್ಟಿದವರು ಭಕ್ತಪುರದಿಂದ ಬಂದ ನೇವಾರ ಸಮುದಾಯದ ವರ್ತಕರಾದ್ದರಿಂದ, ತವರನ್ನು ನೋಡದೆ ಮಗಳ ಮನೆಗೆ ಹೋಗುವುದು ಸರಿಯಲ್ಲವೆನಿಸಿತ್ತು. ಅಲ್ಲಿ ಅರಸ ಭೂಪತೀಂದ್ರ ಮಲ್ಲ 1702ರಲ್ಲಿ ಕಟ್ಟಿಸಿದ ಐದು ಅಂತಸ್ತಿನ ನ್ಯಾತಪೋಲ ದೇಗುಲವು 1934ರ ಮತ್ತು 2015ರ ಭೂಕಂಪಗಳೆರಡನ್ನೂ ತಾಳಿಕೊಂಡು ನಿಂತಿದೆ. 2015ರಲ್ಲಿ ಕುಸಿದುಬಿದ್ದ ವತ್ಸಲಾ ದುರ್ಗಾ ದೇಗುಲವನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಕನ್ನಡಿಗನಾಗಿ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟದ್ದು ಅರಮನೆಯೊಳಗಿನ ತಲೇಜು ದೇವಿಯ ಗುಡಿಯ ಬಾಗಿಲು. 1097ರಲ್ಲಿ ಈಗಿನ ನೇಪಾಳದ ದಕ್ಷಿಣದ ಬಯಲಿನಲ್ಲಿರುವ ಸಿಮ್ರೌನ್‌ಗಢದಲ್ಲಿ ನಾನ್ಯದೇವನು ಸ್ಥಾಪಿಸಿದ ರಾಜವಂಶದ ಹೆಸರೇ ಕರ್ಣಾಟ ವಂಶ. ಅದರ ಕೊನೆಯ ಅರಸ ಹರಿಸಿಂಹದೇವನು ತುಘಲಕ್ ಸೈನ್ಯದ ದಾಳಿಗೆ ರಾಜಧಾನಿ ತೊರೆದು ಬೆಟ್ಟಗಳತ್ತ ಓಡಿದ ಮೇಲೆ ಅವನ ರಾಣಿ ದೇವಲದೇವಿ ಆಶ್ರಯ ಪಡೆದದ್ದು ಭಕ್ತಪುರದಲ್ಲಿ. ತಲೇಜು ದೇವಿ ಈ ಕಣಿವೆಗೆ ಬಂದದ್ದು ಅವರ ಜೊತೆಗೇ ಎಂಬುದು ಅಲ್ಲಿಯ ಐತಿಹ್ಯ. ಒಳಗುಡಿಗೆ ಹಿಂದೂಗಳಿಗಷ್ಟೇ ಪ್ರವೇಶ. ಬಾಗಿಲಲ್ಲಿ ನಿಂತು ಕೈಮುಗಿದಾಗ ಏಳು ಶತಮಾನಗಳ ದೂರ ಹತ್ತಿರವಾದಂತೆನಿಸಿ ಮನಸ್ಸು ತುಂಬಿಬಂತು.

ಭಕ್ತಪುರದ ಚೆಲುವು ಅರಸರದು, ಬಂದೀಪುರದ್ದು ವ್ಯಾಪಾರಿಗಳದು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಗೋರ್ಖಾ ಅರಸ ಪೃಥ್ವಿ ನಾರಾಯಣ ಶಾಹ ಕಠ್ಮಂಡು ಕಣಿವೆಯನ್ನು ಗೆದ್ದ ಮೇಲೆ ಮಗರ ಜನಾಂಗದ ಈ ಹಳ್ಳಿಗೆ ಬಂದು ನೆಲೆಸಿದ ನೇವಾರರು, ಭಾರತ ಮತ್ತು ಟಿಬೆಟ್ ನಡುವಣ ವ್ಯಾಪಾರದಲ್ಲಿ ಇದನ್ನೊಂದು ದೊಡ್ಡ ಪೇಟೆಯಾಗಿ ಬೆಳೆಸಿದರು. ಕೆಳಗಿನ ತಗ್ಗಿನಲ್ಲಿ ಮಲೇರಿಯಾ ಇದ್ದುದರಿಂದ ಜನ ಎತ್ತರದಲ್ಲೇ ನೆಲೆಸುತ್ತಿದ್ದರು. ಮಲೇರಿಯಾ ಹತೋಟಿಗೆ ಬಂದಾಗ ವ್ಯಾಪಾರಿಗಳು ಬಯಲಿಗೆ ಇಳಿದರು. ಜಿಲ್ಲಾ ಕಚೇರಿಗಳು ದಮೌಲಿಗೆ ಹೋದವು. 1970ರ ದಶಕದಲ್ಲಿ ಹೆದ್ದಾರಿಯು ಊರನ್ನು ಮೇಲೆಯೇ ಬಿಟ್ಟು ಗುಡ್ಡದ ಕೆಳಗಿನ ಕಣಿವೆಯಲ್ಲಿ ಹಾದುಹೋಯಿತು. ಹಣ ಹೋದ ಕಡೆ ಹಳೆಯ ಮನೆಗಳನ್ನು ಕೆಡವಿ ಕಾಂಕ್ರೀಟು ಸುರಿದರು. ಇಲ್ಲಿ ಕೆಡವಲು ಯಾರಿಗೂ ಕಾರಣವಿರಲಿಲ್ಲ.

ಹೀಗೆ ಉಳಿದ ಬೀದಿಯಲ್ಲಿ ಈಗ ವಾಹನಗಳಿಗೆ ಪ್ರವೇಶವಿಲ್ಲ. ಕಪ್ಪು ಕಲ್ಲುಚಪ್ಪಡಿ ಹಾಸಿದ ಬೀದಿಯ ಎರಡೂ ಬದಿಗೆ ಇಟ್ಟಿಗೆ ಮತ್ತು ಮರದ ಮನೆಗಳು ಗೋಡೆಗೆ ಗೋಡೆ ಹಚ್ಚಿ ನಿಂತಿವೆ. ಒಂದಷ್ಟು ಮನೆಗಳಿಗೆ ನೇವಾರರ ಕೆತ್ತನೆಯ ಕಿಟಕಿಗಳು, ಇನ್ನಷ್ಟು ಮನೆಗಳಿಗೆ ನೇಪಾಳವನ್ನಾಳಿದ ರಾಣಾ ಮನೆತನದ ಕಾಲದ ಯುರೋಪಿಯನ್ ಮಾದರಿಯ ಮುಖ. ಕೆಳಗೆ ಮರದ ಕಂಬಗಳ ಜಗಲಿಯಿದ್ದು, ಒಂದು ಕಾಲದಲ್ಲಿ ಅದೇ ಅಂಗಡಿಯಾಗಿತ್ತು. ನಮ್ಮ ಮಲೆನಾಡಿನ ಜಗಲಿಯಂತೆಯೇ ಅದು ಮನೆಯವರದೂ ಹೌದು, ದಾರಿಹೋಕರದೂ ಹೌದು. ಸಂಜೆ ಮುದುಕಿಯರು ಅಲ್ಲಿ ಕುಳಿತು ಧಾನ್ಯ ಹಸನು ಮಾಡುವುದನ್ನು ನೋಡುತ್ತಾ ನಾನೂ ಕುಳಿತೆ, ಯಾರೂ ಏಕೆಂದು ಕೇಳಲಿಲ್ಲ.

ನಾನು ಉಳಿದುಕೊಂಡ ಮನೆಯಲ್ಲಿ ಅಡುಗೆಮನೆ ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿತ್ತು. ನೇವಾರರ ಮನೆಯ ಕ್ರಮವೇ ಹಾಗೆ: ನೆಲಮಟ್ಟದಲ್ಲಿ ಅಂಗಡಿ ಅಥವಾ ಉಗ್ರಾಣ, ನಡುವೆ ಮಲಗುವ ಮತ್ತು ಕೂರುವ ಕೋಣೆಗಳು, ಮಾಡಿನ ಕೆಳಗೆ ಒಲೆ ಮತ್ತು ದೇವರು. ಮನೆಯೊಡತಿಯನ್ನು ನಾನು ದೀದಿ ಎಂದು ಕರೆಯುತ್ತಿದ್ದೆ. ಆಕೆ ತಟ್ಟೆಯಲ್ಲಿ ಅವಲಕ್ಕಿ, ಹುರಿದ ಸೋಯಾಕಾಳು ಮತ್ತು ಆಲೂಗಡ್ಡೆ ಪಲ್ಯ ಬಡಿಸಿ, ಅವಲಕ್ಕಿಗೆ ತಮ್ಮ ನುಡಿಯಲ್ಲಿ ‘ಬಜಿ’ ಎನ್ನುತ್ತಾರೆಂದರು. ತುಳುನಾಡಿನ ‘ಬಜಿಲ್’ ನೆನಪಾಗಿ ಅದನ್ನು ಹೇಳಿದಾಗ ಅವರು ಆ ಮಾತನ್ನು ಎರಡು ಸಲ ಉಚ್ಚರಿಸಿ ನೋಡಿದರು. ಮಕ್ಕಳಿಬ್ಬರೂ ಊರಲ್ಲಿಲ್ಲವೆಂದೂ, ಅತಿಥಿಗಳು ಬರದಿದ್ದರೆ ಈ ಮಾಡನ್ನು ದುರಸ್ತಿ ಮಾಡಿಸುವುದಕ್ಕೆ ಬೇರೆ ದಾರಿಯಿಲ್ಲವೆಂದೂ ಆಕೆ ಹೇಳಿದರು. ಬೀದಿಯ ಮನೆಗಳೆಲ್ಲ ತಂಗುದಾಣಗಳಾಗುತ್ತಿರುವುದರ ಬಗ್ಗೆ ನನಗಿದ್ದ ಅಸಮಾಧಾನ ಆ ಮಾತಿನ ಮುಂದೆ ನಿಲ್ಲಲಿಲ್ಲ.

ಮರುದಿನ ಬೆಳಗಿನ ಜಾವ ತುಂಡಿಖೇಲ್ ಬಯಲಿನಿಂದ ಅನ್ನಪೂರ್ಣಾ ಮತ್ತು ಮನಾಸ್ಲು ಹಿಮಶಿಖರಗಳ ಸಾಲು ಕೆಂಪಾಗುವುದನ್ನು ನೋಡಿದೆ. ಖಡ್ಗದೇವಿಯ ಗುಡಿ ಮುಚ್ಚಿತ್ತು. ಪಾಲ್ಪಾದ ಅರಸ ಮುಕುಂದ ಸೇನನದೆಂದು ನಂಬಲಾದ ಖಡ್ಗವೇ ಅಲ್ಲಿಯ ದೇವರು. ಅದು ಹೊರಬರುವುದು ದಶೈಂ ಹಬ್ಬದಲ್ಲಿ ಮಾತ್ರ, ಅಂದರೆ ನಮ್ಮಲ್ಲಿ ಆಯುಧಪೂಜೆ ನಡೆಯುವ ದಿನಗಳಲ್ಲೇ.

ಹಿಂದಿರುಗುವಾಗ ಜೀಪು ಹತ್ತದೆ ಸಿದ್ಧ ಗುಹೆಯ ಕಡೆಯ ಕಾಲುದಾರಿಯಲ್ಲಿ ಇಳಿದೆ. ಕೆಳಗೆ ಹೆದ್ದಾರಿಯ ಸದ್ದು ಕೇಳತೊಡಗಿದ ತಿರುವಿನಲ್ಲಿ, ಬೆನ್ನಿಗೆ ಬಿದಿರಿನ ಡೋಕೋ ಬುಟ್ಟಿ ಹೊತ್ತು ಅದರ ಪಟ್ಟಿಯನ್ನು ಹಣೆಗೆ ಸಿಕ್ಕಿಸಿಕೊಂಡು ಮೇಲೇರುತ್ತಿದ್ದ ಹೆಂಗಸೊಬ್ಬರು ಎದುರಾದರು. ದಾರಿ ಬಿಟ್ಟು ಪಕ್ಕಕ್ಕೆ ನಿಂತೆ. ಆಕೆ ನಮಸ್ತೆ ಎಂದು ಉಸಿರು ತೆಗೆದುಕೊಂಡು ಪೇಟೆಯ ಕಡೆಗೆ ಹತ್ತಿಹೋದರು.