ಇಳಿಜಾರಿನಿಂದ ಶುರುವಾದ ಯೋಜನೆ

ಬರುವ ದಸರಾ ರಜೆಯಲ್ಲಿ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ಮೂರು ದಿನ ಸೈಕಲ್ ತುಳಿಯಲು ನಾವು ಹೊರಡಲಿದ್ದೇವೆ. ಹೊರಡುವವರು ಐದು ಮಂದಿ: ನಾನು, ನನ್ನ ಪತಿ, ಒಂಬತ್ತು ವರ್ಷದ ಮಗಳು, ಆರು ತುಂಬಿದ ಮಗ, ಮತ್ತು ಸೈಕಲ್ ಹತ್ತದಿದ್ದರೂ ಇಡೀ ಪ್ರವಾಸದ ಊಟತಿಂಡಿಯ ಹೊಣೆ ಹೊತ್ತಿರುವ ನಮ್ಮ ಅತ್ತೆಯವರು. ಇದು ನಮ್ಮ ಎರಡನೆಯ ಪ್ರಯತ್ನ. ಮೊದಲನೆಯದರ ಯೋಜನೆಯನ್ನೂ ನಾನೇ ಮಾಡಿದ್ದೆ, ಅದು ಕೆಟ್ಟದ್ದೂ ನನ್ನಿಂದಲೇ. ಆದ್ದರಿಂದ ಈ ಬಾರಿಯ ತಯಾರಿಯ ಬಗ್ಗೆ ಬರೆಯುವಾಗ ಹೋದ ವರ್ಷದ ಆ ಬೆಳಗಿನಿಂದಲೇ ಆರಂಭಿಸಬೇಕಾಗಿದೆ.

ಹೋದ ವರ್ಷ ಮೊಬೈಲಿನ ನಕ್ಷೆಯಲ್ಲಿ ನೋಡಿದಾಗ, ನಾವು ಉಳಿದುಕೊಂಡಿದ್ದ ಹೋಂಸ್ಟೇಯಿಂದ ಹೊರಟು, ಕಣಿವೆಯ ಹಳ್ಳ ದಾಟಿ, ಇನ್ನೊಂದು ತೋಟದ ಮೂಲಕ ಸುತ್ತಿ ಬರುವ ದಾರಿ 18 ಕಿಲೋಮೀಟರ್ ಎಂದು ತೋರಿಸಿತ್ತು. ಬೆಂಗಳೂರಿನಲ್ಲಿ ಭಾನುವಾರಗಳಂದು ಮಕ್ಕಳು 15 ಕಿಲೋಮೀಟರ್ ಸಲೀಸಾಗಿ ತುಳಿಯುತ್ತಿದ್ದರು. ಇನ್ನು ಮೂರು ಹೆಚ್ಚಾದರೆ ಏನಾದೀತು ಎಂಬ ಲೆಕ್ಕ ನನ್ನದು. ಏರು ಎಲ್ಲೆಲ್ಲಿದೆ, ಎಷ್ಟಿದೆ ಎಂಬುದನ್ನು ಮಾತ್ರ ಎಚ್ಚರಿಕೆಯಿಂದ ನೋಡಿದ್ದೆ. ಇಳಿಜಾರು ಬಂದರೆ ಮಕ್ಕಳಿಗೆ ಖುಷಿ, ಅಲ್ಲಿ ಯೋಚಿಸಲು ಏನಿದೆ ಎಂದುಕೊಂಡಿದ್ದೆ. ಹೊರಟ ಅರ್ಧ ಗಂಟೆಯೊಳಗೆ, ಮೊದಲ ಉದ್ದನೆಯ ಇಳಿಜಾರಿನಲ್ಲೇ, ಮಗ ಬ್ರೇಕ್ ಬಿಟ್ಟು ಎರಡೂ ಕಾಲುಗಳನ್ನು ನೆಲಕ್ಕೆ ಉಜ್ಜುತ್ತ ಹೋಗಿ ತೋಟದ ಚರಂಡಿಗೆ ಬಿದ್ದ. ಚರಂಡಿಯ ತುಂಬ ಸಿಲ್ವರ್ ಓಕ್ ಎಲೆ ತುಂಬಿದ್ದರಿಂದ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಬ್ರೇಕ್ ಯಾಕೆ ಹಿಡಿಯಲಿಲ್ಲ ಎಂದು ನಾನು ಗದರಿದಾಗ ಅವನು ಅಳುತ್ತ ಕೈ ತೋರಿಸಿ, "ಬೆರಳು ನೋಯ್ತಾ ಇತ್ತಮ್ಮ, ಹಿಡಿಯೋಕೇ ಆಗ್ಲಿಲ್ಲ" ಎಂದ. ನಾನು ಅವನ ಸೈಕಲ್ಲಿನ ಬ್ರೇಕ್ ಹಿಡಿಕೆಯನ್ನು ನನ್ನ ಕೈಯಿಂದ ಒತ್ತಿ ನೋಡಿದೆ. ನನಗೇ ಅದು ಬಿಗಿಯಾಗಿತ್ತು.

ಅಂದಿನಿಂದ ನನ್ನ ಯೋಜನೆಯ ಮೂಲ ಬದಲಾಯಿತು. ಏರಿನಲ್ಲಿ ಮಗು ದಣಿದರೆ ಇಳಿದು ತಳ್ಳುತ್ತದೆ, ಕುಳಿತುಕೊಳ್ಳುತ್ತದೆ, ರಚ್ಚೆ ಹಿಡಿಯುತ್ತದೆ. ಅದರಿಂದ ಆಗುವ ನಷ್ಟವೆಂದರೆ ಸಮಯ ಮಾತ್ರ. ಇಳಿಜಾರಿನಲ್ಲಿ ಮಗುವಿನ ಬೆರಳು ಸೋತರೆ ಏನೂ ಮಾಡಲು ಬರುವುದಿಲ್ಲ. ಹಾಗಾಗಿ ಈಗ ದಾರಿಯನ್ನು ಆರಿಸುವುದು, ದಿನದ ದೂರವನ್ನು ನಿಗದಿ ಮಾಡುವುದು, ಎಲ್ಲಿ ನಿಲ್ಲಬೇಕೆಂದು ಗುರುತಿಸುವುದು, ಎಲ್ಲವೂ ಆರು ವರ್ಷದವನ ಬೆರಳಿನ ಬಲದಿಂದಲೇ ಹೊರಡುತ್ತದೆ.

ಮೊದಲಿಗೆ ಸೈಕಲ್. ನಮ್ಮ ಅಂಗಡಿಗಳಲ್ಲಿ ಸಿಗುವ 20 ಇಂಚು ಚಕ್ರದ ಮಕ್ಕಳ ಸೈಕಲ್‌ಗಳಲ್ಲಿ ಅನೇಕವು ಉಕ್ಕಿನ ಚೌಕಟ್ಟಿನವು, ಬಲು ಭಾರ. ಮಗನ ಸೈಕಲ್ಲನ್ನು ಮನೆಯ ತೂಕದ ಯಂತ್ರದ ಮೇಲಿಟ್ಟಾಗ 11 ಕಿಲೋ ಬಂತು. ಅವನ ತೂಕ 20 ಕಿಲೋ. ಇದೇ ಪ್ರಮಾಣದಲ್ಲಿ 70 ಕಿಲೋದ ದೊಡ್ಡವರೊಬ್ಬರು 38 ಕಿಲೋಗೂ ಮೀರಿದ ಸೈಕಲ್ಲನ್ನು ಗುಡ್ಡ ಹತ್ತಿಸಬೇಕಾಗುತ್ತದೆ. ಮುಂದಿನ ಫೋರ್ಕಿನಲ್ಲಿ ಸಸ್ಪೆನ್ಷನ್ ಇದ್ದರೆ ಮಕ್ಕಳಿಗೆ ಅದು ನಿಜವಾದ ಮೌಂಟನ್ ಬೈಕಿನಂತೆ ಕಾಣುತ್ತದೆ ನಿಜ, ಆದರೆ ಅಗ್ಗದ ಸ್ಪ್ರಿಂಗು ಇಷ್ಟು ಹಗುರಾದ ಸವಾರನ ಭಾರಕ್ಕೆ ಕುಗ್ಗುವುದೇ ಇಲ್ಲ, ಸೈಕಲ್ಲಿನ ತೂಕ ಮಾತ್ರ ಹೆಚ್ಚುತ್ತದೆ. ಮಗಳ 24 ಇಂಚಿನ ಸೈಕಲ್ ಕೊಳ್ಳುವಾಗ ಇದೇ ಕಾರಣಕ್ಕೆ ಸಸ್ಪೆನ್ಷನ್ ಇಲ್ಲದ, ಹಿಂದೆ ಏಳು ಗೇರು, ಮುಂದೆ ಪೆಡಲಿನ ಬಳಿ ಒಂದೇ ಹಲ್ಲುಚಕ್ರವಿರುವುದನ್ನು ಆರಿಸಿದೆವು. ಅಂಗಡಿಯಲ್ಲಿ ಅವಳು ಮುಖ ಊದಿಸಿಕೊಂಡೇ ಒಪ್ಪಿದಳು. "ಬೆಳೆಯುವ ಮಗು, ಒಂದು ಸೈಜ್ ದೊಡ್ಡದೇ ಇರಲಿ" ಎಂದು ಕೊಳ್ಳುವ ನಮ್ಮೆಲ್ಲರ ಅಭ್ಯಾಸ ಚಪ್ಪಲಿಗೆ ಸರಿ. ಗುಡ್ಡದ ದಾರಿಯಲ್ಲಿ ತುಳಿಯುವ ಸೈಕಲ್ಲಿಗೆ ಸರಿಯಲ್ಲ. ಸೀಟಿನಿಂದ ಮುಂದಕ್ಕೆ ಇಳಿದು ನಿಂತಾಗ ಎರಡೂ ಪಾದಗಳು ಪೂರ್ತಿ ನೆಲಕ್ಕೆ ತಾಗಿ, ಮೇಲಿನ ಕೊಳವೆಗೂ ಕಾಲಿಗೂ ನಡುವೆ ಜಾಗ ಉಳಿಯಲೇಬೇಕು.

ಬ್ರೇಕಿನ ಕೆಲಸಕ್ಕೆ ನಾನು ಎರಡು ಭಾನುವಾರಗಳನ್ನು ಕೊಟ್ಟಿದ್ದೇನೆ. ಹಿಡಿಕೆಯ ಬುಡದಲ್ಲಿ ಒಂದು ಪುಟ್ಟ ತಿರುಪು ಇರುತ್ತದೆ. ಅದನ್ನು ಅಲೆನ್ ಕೀಲಿಯಿಂದ ಒಳಕ್ಕೆ ತಿರುಗಿಸಿದರೆ ಹಿಡಿಕೆ ಹ್ಯಾಂಡಲ್ಲಿಗೆ ಹತ್ತಿರವಾಗುತ್ತದೆ. ಮಗುವಿನ ತೋರುಬೆರಳಿನ ಮೊದಲ ಗೆಣ್ಣು ಅದರ ಮೇಲೆ ಆರಾಮವಾಗಿ ಬಾಗುವಷ್ಟು ಹತ್ತಿರ ತರಬೇಕು, ಒತ್ತಿದಾಗ ಹ್ಯಾಂಡಲ್ಲಿಗೆ ತಾಗಿ ನಿಲ್ಲುವಷ್ಟು ಅಲ್ಲ. ತಂತಿ ಹಾದುಹೋಗುವ ಹೊರಕವಚದೊಳಗೆ ಧೂಳು, ತುಕ್ಕು ಸೇರಿದ್ದರೆ ಹಿಡಿಕೆಯನ್ನು ಎಷ್ಟು ಹತ್ತಿರ ತಂದರೂ ಬಿಗಿತ ಕಡಿಮೆಯಾಗದು. ಮಗನ ಸೈಕಲ್ಲಿನಲ್ಲಿ ಆಗಿದ್ದು ಅದೇ. ತಂತಿ ಮತ್ತು ಕವಚ ಎರಡನ್ನೂ ಹೊಸದು ಹಾಕಿಸಿದ ಮೇಲೆ ಈಗ ಅವನು ಎರಡು ಬೆರಳಿನಲ್ಲಿ ಹಿಂದಿನ ಚಕ್ರ ನಿಲ್ಲಿಸುತ್ತಾನೆ. ಇಷ್ಟು ಚಿಕ್ಕ ಸೈಕಲ್ಲಿಗೆ ಡಿಸ್ಕ್ ಬ್ರೇಕ್ ಬೇಕೇ ಎಂದು ಕೇಳುವವರಿದ್ದಾರೆ. ತಂತಿಯಿಂದ ಎಳೆಯುವ ಅಗ್ಗದ ಡಿಸ್ಕಿಗಿಂತ, ಸರಿಯಾಗಿ ಕೂಡಿಸಿದ, ಚಕ್ರದ ಅಂಚನ್ನು ರಬ್ಬರಿನಿಂದ ಹಿಡಿಯುವ ಮಾಮೂಲಿ ಪವರ್ ಬ್ರೇಕೇ ಮಗುವಿನ ಕೈಗೆ ಹಗುರ ಎಂಬುದು ನನ್ನ ಅನುಭವ.

ಟೈರಿನ ಗಾಳಿಯ ವಿಚಾರದಲ್ಲಿಯೂ ನಾವು ಹೋದ ವರ್ಷ ಎಡವಿದ್ದೆವು. ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬಿಸಿದರೆ ಟೈರು ಕಲ್ಲಿನಂತಾಗುತ್ತದೆ. ಡಾಂಬರು ರಸ್ತೆಗೆ ಅದು ಚೆನ್ನ, ಉರುಟು ಕಲ್ಲು ತುಂಬಿದ ಜೀಪ್ ದಾರಿಯಲ್ಲಿ ಹಗುರಾದ ಮಗುವನ್ನು ಅದು ಚೆಂಡಿನಂತೆ ಪುಟಿಸುತ್ತದೆ. ಈಗ ಒತ್ತಡ ತೋರಿಸುವ ಪಂಪಿನಲ್ಲಿ ಮಗನ ಎರಡು ಇಂಚು ಅಗಲದ ಟೈರಿಗೆ 20 ಪಿಎಸ್ಐ ಆಸುಪಾಸು ಮಾತ್ರ ಇಡುತ್ತೇವೆ.

ಇನ್ನು ಕಲಿಸುವುದು. ಕನಕಪುರ ರಸ್ತೆಯ ಕಡೆಯ ತುರಹಳ್ಳಿ ಕಾಡಿನ ಅಂಚಿನಲ್ಲಿ ಜಾರುವ ಗರಸು ಮಣ್ಣಿದೆ, ಚಿಕ್ಕ ಚಿಕ್ಕ ಏರಿಳಿತಗಳಿವೆ. ಬೆಂಗಳೂರಿನ ಮೌಂಟನ್ ಬೈಕ್ ಸವಾರರು ಎಷ್ಟೋ ವರ್ಷಗಳಿಂದ ಅಲ್ಲಿಯೇ ಪಳಗಿದವರು. ಅಲ್ಲಿ ಮಕ್ಕಳಿಗೆ ಮೂರೇ ಸಂಗತಿಗಳನ್ನು ಹೇಳಿಕೊಡುತ್ತಿದ್ದೇನೆ. ಇಳಿಯುವಾಗ ಸೀಟಿನಿಂದ ಎದ್ದು, ಎರಡೂ ಪೆಡಲ್‌ಗಳನ್ನು ಒಂದೇ ಮಟ್ಟದಲ್ಲಿ ಇಟ್ಟುಕೊಂಡು, ಮೊಣಕಾಲು ಸಡಿಲ ಬಿಟ್ಟು ನಿಲ್ಲಬೇಕು. ಎರಡೂ ಬ್ರೇಕುಗಳನ್ನು ಮೆಲ್ಲನೆ ಒತ್ತಿ ಬಿಡುತ್ತ ಇರಬೇಕು, ಕಚ್ಚಿ ಹಿಡಿಯಬಾರದು. ಕಣ್ಣು ಮುಂದಿನ ಚಕ್ರದ ಮೇಲಲ್ಲ, ಹೋಗಬೇಕಾದ ಜಾಗದ ಮೇಲಿರಬೇಕು. ಮೂರನೆಯದು ಮಗಳಿಗೆ ಒಂದೇ ದಿನದಲ್ಲಿ ಬಂತು. ಮಗ ಈಗಲೂ ತಪ್ಪಿಸಿಕೊಳ್ಳಬೇಕಾದ ಕಲ್ಲನ್ನೇ ದಿಟ್ಟಿಸುತ್ತ ಹೋಗಿ ಅದಕ್ಕೇ ಗುದ್ದುತ್ತಾನೆ. ಚಿಕ್ಕಮಗಳೂರಿಗೆ ಹೋದ ಮೊದಲ ಸಂಜೆ ತೋಟದ ಕಣದಲ್ಲಿ ಇನ್ನೊಮ್ಮೆ ಅಭ್ಯಾಸ ಮಾಡಿಸುವ ಆಲೋಚನೆಯಿದೆ. ಕಾಫಿ ಒಣಗಿಸುವ ಕಣದಷ್ಟು ಚೊಕ್ಕಟವಾದ, ಸಮತಟ್ಟಾದ, ವಾಹನಗಳಿಲ್ಲದ ಜಾಗ ಮಲೆನಾಡಿನಲ್ಲಿ ಮತ್ತೊಂದಿಲ್ಲ, ಆದರೆ ಅದು ಖಾಲಿಯಿರುವುದು ಕೊಯ್ಲಿಗೆ ಮುಂಚೆ ಮಾತ್ರ.

ಅಕ್ಟೋಬರನ್ನು ಆರಿಸಲು ಅದೂ ಒಂದು ಕಾರಣ. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಶುರುವಾದರೆ, ರೋಬಸ್ಟಾ ಮುಗಿಯುವವರೆಗೆ ಕಣದ ತುಂಬ ಹಣ್ಣು ಹರಡಿರುತ್ತದೆ, ತೋಟದ ದಾರಿಗಳಲ್ಲಿ ಮೂಟೆ ಹೊತ್ತ ಟ್ರ್ಯಾಕ್ಟರು, ಪಿಕಪ್‌ಗಳು ಓಡಾಡುತ್ತವೆ. ದುಡಿಯುವವರ ನಡುವೆ ನಾವು ಸೈಕಲ್ ಬಿಟ್ಟುಕೊಂಡು ಹೋಗುವುದು ಸಭ್ಯತೆಯೂ ಅಲ್ಲ. ಬೇಸಿಗೆಯ ಮೊದಲ ಮಳೆಗೆ ಕಾಫಿ ಹೂವಾಗುವ ದಿನಗಳು ನೋಡಲು ಸುಂದರ, ಆದರೆ ಆಗ ಇಡೀ ತೋಟ ಜೇನುನೊಣಗಳದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ದಾರಿ ಪಾಚಿಗಟ್ಟಿರುತ್ತದೆ, ಉಂಬಳಗಳ ಕಾಟ ಬೇರೆ. ಅಕ್ಟೋಬರಿನಲ್ಲಿ ಉಂಬಳ ಪೂರ್ತಿ ಹೋಗಿರುವುದಿಲ್ಲ, ಮಧ್ಯಾಹ್ನದ ಮೇಲೆ ಗುಡುಗು ಮಳೆಯೂ ಬರಬಹುದು. ಆದ್ದರಿಂದ ಬೆಳಿಗ್ಗೆ ಏಳಕ್ಕೆ ಹೊರಟು ಹನ್ನೊಂದರೊಳಗೆ ಮನೆ ಸೇರುವುದೆಂದು ತೀರ್ಮಾನಿಸಿದ್ದೇವೆ. ಉಳಿದ ಹೊತ್ತಿಗೆ ಬೇಲೂರು ಹತ್ತಿರದಲ್ಲೇ ಇದೆ, ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ ಇದೆ, ಏನೂ ಇಲ್ಲದಿದ್ದರೆ ಅಜ್ಜಿಯ ಜೊತೆ ಚೌಕಾಬಾರ ಇದೆ.

ದಾರಿಯ ಆಯ್ಕೆಯೇ ಅತಿ ಕಷ್ಟದ ಭಾಗ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ರಾಜ್ಯದ ಅತಿ ಎತ್ತರದ ಶಿಖರವಾದ್ದರಿಂದ ಅಲ್ಲಿಗೇ ಹೋಗೋಣವೆಂದು ಮಗಳ ಹಟ. ಆ ರಸ್ತೆ ಕಿರಿದು, ತಿರುವುಗಳು ಕಡಿದು, ರಜಾದಿನಗಳಲ್ಲಿ ಪ್ರವಾಸಿ ವಾಹನಗಳ ಸಾಲು ಮುಗಿಯುವುದೇ ಇಲ್ಲ. ಅಲ್ಲಿಗೆ ಕಾರಿನಲ್ಲಿ ಹೋಗಿ ಮೆಟ್ಟಿಲು ಹತ್ತಿ ಬರುವುದು, ಸೈಕಲ್ ಅಲ್ಲ ಎಂದು ಹೇಳಿಯಾಗಿದೆ. ಭದ್ರಾ ಅಭಯಾರಣ್ಯದ ಕಡೆಗೂ ನಾವು ಹೋಗುವುದಿಲ್ಲ. ನಮಗೆ ಉಳಿಯುವುದು ತೋಟಗಳ ಒಳದಾರಿಗಳು. ಅವು ಖಾಸಗಿ ಆಸ್ತಿ. ನಾವು ಉಳಿಯುವ ಮನೆಯವರ ತೋಟವೊಂದನ್ನು ಬಿಟ್ಟರೆ ಉಳಿದೆಡೆ ಗೇಟು ತೆರೆದಿದ್ದರೂ ಕೇಳಿಯೇ ಒಳಗೆ ಹೋಗಬೇಕು. ಕೇಳಿದಾಗ ಬೇಡವೆಂದವರನ್ನು ನಾನು ಇಲ್ಲಿಯವರೆಗೆ ಕಂಡಿಲ್ಲ, ಕಾಫಿ ಕುಡಿಸದೆ ಕಳಿಸಿದವರನ್ನೂ ಕಂಡಿಲ್ಲ.

ಕೇಳುವುದರಿಂದ ಇನ್ನೊಂದು ಉಪಕಾರವೂ ಇದೆ. ಹೋದ ವರ್ಷ ಎರಡನೆಯ ದಿನ ನಾವು ಹೊರಡುವಾಗ ತೋಟದ ಕೆಲಸದ ಮೇಲ್ವಿಚಾರಣೆ ನೋಡುವ ರೈಟರು ಎದುರಾಗಿ, "ಕೆಳಗಿನ ದಾರಿ ಬೇಡ ಮೇಡಂ, ರಾತ್ರಿ ಆನೆ ಬಂದು ಬೈನೆ ಮರ ಬೀಳ್ಸಿದೆ, ಎಲ್ಲೋ ಅಲ್ಲೇ ಇರ್ಬೇಕು" ಎಂದರು. ಆಲ್ದೂರು, ಮೂಡಿಗೆರೆ, ಅತ್ತ ಸಕಲೇಶಪುರ, ಆಲೂರಿನ ಕಡೆಯ ತೋಟಗಳಿಗೆ ಕಾಡಾನೆ ಇಳಿಯುವುದು ಅಲ್ಲಿಯ ಜನರಿಗೆ ಸುದ್ದಿಯಲ್ಲ, ದಿನದ ಬದುಕು, ಪ್ರಾಣಹಾನಿಗಳೂ ಆಗಿವೆ. ಕಾಟಿಗಳೂ, ಅಂದರೆ ಕಾಡುಕೋಣಗಳೂ, ಇವೆ. ಸದ್ದಿಲ್ಲದೆ ತಿರುವಿನಲ್ಲಿ ಬರುವ ಸೈಕಲ್ ಇಂತಹ ಕಡೆ ನಡೆಯುವವರಿಗಿಂತ ಹೆಚ್ಚು ಅಪಾಯಕ್ಕೆ ಒಡ್ಡಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಬೆಳಿಗ್ಗೆ ತೋಟದವರನ್ನು ಕೇಳದೆ ಹೊರಡುವುದಿಲ್ಲ, ಬೆಳಕು ಪೂರ್ತಿ ಹರಿಯುವ ಮೊದಲು ಹೊರಡುವುದಿಲ್ಲ, ಮುಂದೆ ಯಾವಾಗಲೂ ನಮ್ಮಿಬ್ಬರಲ್ಲಿ ಒಬ್ಬರು ಇರುತ್ತೇವೆ, ಮಕ್ಕಳು ನಮ್ಮನ್ನು ದಾಟುವಂತಿಲ್ಲ. ಬೇಡವೆಂದ ದಿನ ಕಣವೇ ಗತಿ.

ದೂರದ ಲೆಕ್ಕವನ್ನು ಈಗ ಹೀಗೆ ಮಾಡಿದ್ದೇವೆ. ದಿನಕ್ಕೆ 8 ಕಿಲೋಮೀಟರಿಗಿಂತ ಹೆಚ್ಚಿಲ್ಲ, ಒಟ್ಟು ಏರು 150 ಮೀಟರ್ ಮೀರಬಾರದು. ಮೊದಲು ಇಳಿದು ಆಮೇಲೆ ಹತ್ತಿ ಬರುವ ದಾರಿ ಬೇಡವೇ ಬೇಡ, ಏಕೆಂದರೆ ದಣಿದ ಮಕ್ಕಳಿಗೆ ಕೊನೆಯ ಏರು ಶಿಕ್ಷೆಯಾಗುತ್ತದೆ. ಮೊದಲು ಹತ್ತಿದರೆ ದಣಿದ ಕೈಗಳಿಗೆ ಇಳಿಜಾರು ಉಳಿಯುತ್ತದೆ, ಇದು ಅದಕ್ಕಿಂತ ಅಪಾಯ. ಈ ಗೊಂದಲಕ್ಕೆ ಪರಿಹಾರ ಸೂಚಿಸಿದ್ದು ಅತ್ತೆಯವರು: ಏರಿನ ತುದಿಯಲ್ಲಿ ತಾವು ಕಾರಿನಲ್ಲಿ ತಿಂಡಿ ಡಬ್ಬಿಯೊಂದಿಗೆ ಕಾಯುವುದಾಗಿಯೂ, ಅಲ್ಲಿ ಮುಕ್ಕಾಲು ಗಂಟೆ ಎಲ್ಲರೂ ಕೂತು ತಿನ್ನಬೇಕೆಂದೂ, ಮೊಮ್ಮಗನ ಕೈ ನೋಡಿ ಅವನು ಸೈಕಲ್ಲಿನಲ್ಲಿ ಇಳಿಯಬೇಕೋ ಕಾರಿನಲ್ಲಿ ಇಳಿಯಬೇಕೋ ತಾವೇ ಹೇಳುವುದಾಗಿಯೂ ತೀರ್ಪು ಕೊಟ್ಟರು. ಅವರ ಮಾತಿಗೆ ನಮ್ಮಲ್ಲಿ ಅಪೀಲಿಲ್ಲ. ಹೀಗಾಗಿ ಕಾರು ಹೋಗಬಲ್ಲ ತುದಿಯಿರುವ ದಾರಿಗಳನ್ನಷ್ಟೇ ಆರಿಸುತ್ತಿದ್ದೇವೆ. ಕಾರು ಓಡಿಸುವ ಸರದಿ ಒಂದು ದಿನ ನನ್ನ ಪತಿಯದು, ಮರುದಿನ ನನ್ನದು, ಆ ದಿನ ಮುಂದಾಳು ಅವರು. ಮಕ್ಕಳಿಲ್ಲದೆ ಒಬ್ಬರು ಮೊದಲೇ ಇಡೀ ದಾರಿಯನ್ನು ತುಳಿದು ನೋಡುವುದೂ ಕಡ್ಡಾಯ, ಅದಕ್ಕಾಗಿ ನನ್ನ ಪತಿ ಮುಂದಿನ ತಿಂಗಳು ಒಂದು ಶನಿವಾರ ಹೋಗಿಬರುತ್ತಾರೆ. ಆ ಸುಖಕ್ಕೆ ಅವರು ಇಷ್ಟು ಬೇಗ ಒಪ್ಪಿದ್ದು ನನಗೆ ಸ್ವಲ್ಪ ಅನುಮಾನ ತಂದಿದೆ.

ಹೊತ್ತೊಯ್ಯುವ ಸಾಮಾನು ಹೆಚ್ಚಿಲ್ಲ. 20 ಮತ್ತು 24 ಇಂಚಿನ ಟ್ಯೂಬುಗಳು ಹಳ್ಳಿಯ ಅಂಗಡಿಯಲ್ಲಿ ಸಿಗುವ ಭರವಸೆಯಿಲ್ಲದ್ದರಿಂದ ಎರಡೆರಡು ಇಟ್ಟಿದ್ದೇವೆ. ಪ್ಯಾಚು, ಪಂಪು, ಅಲೆನ್ ಕೀಲಿಗಳು, ಮಕ್ಕಳ ಸೈಕಲ್ಲಿನ ಚಕ್ರದ ನಟ್ಟಿಗೆ ಸ್ಪ್ಯಾನರು, ಪೂರ್ತಿ ಬೆರಳಿನ ಕೈಗವಸು, ಹೆಲ್ಮೆಟ್ಟು. ಹೆಲ್ಮೆಟ್ಟಿನ ಅಂಚು ಹುಬ್ಬಿಗಿಂತ ಎರಡು ಬೆರಳು ಮೇಲಿರಬೇಕು, ಹಣೆ ಬಿಟ್ಟು ಹಿಂದಕ್ಕೆ ಜಾರಿದ ಹೆಲ್ಮೆಟ್ಟು ಇದ್ದೂ ಇಲ್ಲದಂತೆ. ಹಳೆಯ ಟ್ಯೂಬೊಂದನ್ನು ನನ್ನ ಸೀಟಿನ ಕೊಳವೆಗೂ ಮಗನ ಹ್ಯಾಂಡಲಿನ ನಡುವಿಗೂ ಕಟ್ಟಿ ಏರಿನಲ್ಲಿ ಎಳೆಯುತ್ತೇನೆ. ಅದು ಹಿಗ್ಗುವುದರಿಂದ ಜಗ್ಗಾಟವಿಲ್ಲ. ಏರು ಮುಗಿದ ಕೂಡಲೇ ಬಿಚ್ಚಬೇಕು. ತಿನ್ನಲು ಕಡಲೆಮಿಠಾಯಿ, ಬಾಳೆಹಣ್ಣು, ಕೋಡುಬಳೆ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಇರದು, 108ಕ್ಕೆ ಕರೆ ಮಾಡಲೂ ಗುಡ್ಡ ಹತ್ತಬೇಕು. ಆದ್ದರಿಂದ ಹೊರಡುವ ದಾರಿ ಮತ್ತು ಮರಳುವ ಸಮಯವನ್ನು ಹೋಂಸ್ಟೇಯವರಿಗೆ ಚೀಟಿಯಲ್ಲಿ ಬರೆದುಕೊಡುತ್ತೇವೆ.

ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಸುಮಾರು 245 ಕಿಲೋಮೀಟರ್. ದೊಡ್ಡವರ ಸೈಕಲ್ಲುಗಳು ಕಾರಿನ ಹಿಂದಿನ ರ್‍ಯಾಕಿನಲ್ಲಿ, ಮಕ್ಕಳವು ಮುಂಚಕ್ರ ಬಿಚ್ಚಿ ಒಳಗೆ. ರ್‍ಯಾಕಿನ ಮೇಲೆ ಸೈಕಲ್ ಕೂತರೆ ನಂಬರ್ ಪ್ಲೇಟೂ ಹಿಂದಿನ ದೀಪವೂ ಮುಚ್ಚಿಹೋಗುತ್ತವೆ, ಇದನ್ನು ಹೇಗೆ ಸರಿಪಡಿಸುವುದೆಂದು ಇನ್ನೂ ನೋಡುತ್ತಿದ್ದೇವೆ. ಉಳಿದಿರುವ ಇನ್ನೊಂದು ಕೆಲಸ ಮಗನದು. ಅವನು ದಿನವೂ ಶಾಲೆಯಿಂದ ಬಂದ ಮೇಲೆ ಅಜ್ಜಿಯ ಪಕ್ಕ ಕೂತು ಚಪಾತಿ ಹಿಟ್ಟು ನಾದುತ್ತಾನೆ. ಬೆರಳು ಗಟ್ಟಿಯಾಗಲು ಇದೇ ಮದ್ದು ಎಂದು ಅವರು ಹೇಳಿದ್ದಾರಂತೆ. ನಿನ್ನೆ ಸಂಜೆ ಬ್ರೇಕ್ ಹಿಡಿದು ತೋರಿಸುತ್ತೇನೆಂದು ನನ್ನನ್ನು ಗ್ಯಾರೇಜಿಗೆ ಎಳೆದುಕೊಂಡು ಹೋದ, ಹಿಡಿಕೆಯ ತುಂಬ ಈಗ ಗೋಧಿ ಹಿಟ್ಟು.