ರಟ್ಟಿನ ಬೋರ್ಡು ಮತ್ತು ನಮ್ಮ ವಿಜ್ಞಾನದ ಮೇಡಂ

ನಾನು ಓದುವಾಗ ನಮ್ಮ ಶಾಲೆಯಲ್ಲಿ ಗೇಟು ದಾಟಿದ ಮೇಲೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವ ಹಾಗಿರಲಿಲ್ಲ. ಸಿಕ್ಕಿಬಿದ್ದವರ ಕೊರಳಿಗೆ ಕ್ಲಾಸ್ ಲೀಡರ್ ಒಂದು ರಟ್ಟಿನ ಬೋರ್ಡು ಹಾಕುತ್ತಿದ್ದ. ಅದನ್ನು ಕಳಚಬೇಕೆಂದರೆ ಕನ್ನಡವೋ ತುಳುವೋ ಉರ್ದುವೋ ಆಡುವ ಇನ್ನೊಬ್ಬರನ್ನು ಹಿಡಿದುಕೊಡಬೇಕು, ಕೊನೆಯ ಬೆಲ್ ಹೊಡೆದಾಗ ಅದು ಯಾರ ಕೊರಳಲ್ಲಿದೆಯೋ ಅವರಿಗೆ ಶಿಕ್ಷೆ. ಇದು ನಮ್ಮವರೇ ಕಂಡುಹಿಡಿದ ಉಪಾಯ ಅಂತ ನಾವೆಲ್ಲ ನಂಬಿದ್ದೆವು. ಆದರೆ 19ನೇ ಶತಮಾನದಲ್ಲೇ ಬ್ರಿಟನ್ನಿನ ವೇಲ್ಸ್‌ನ ಕೆಲವು ಶಾಲೆಗಳಲ್ಲಿ ಅಲ್ಲಿನ ವೆಲ್ಷ್ ಭಾಷೆ ಮಾತಾಡಿದ ಮಕ್ಕಳ ಕೊರಳಿಗೆ ಮರದ ತುಂಡು ಕಟ್ಟಿ ಹೀಗೇ ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಿದ್ದರಂತೆ!

ಬೋರ್ಡಿನಿಂದ ಇಂಗ್ಲಿಷ್ ಬಂತಾ? ಬಂದದ್ದು ಚಾಡಿ ಹೇಳುವ ಅಭ್ಯಾಸ. ಮನೆಯಲ್ಲೂ ಇಂಗ್ಲಿಷ್ ಇದ್ದವರಿಗೆ ಏನೂ ಆಗಲಿಲ್ಲ, ಉಳಿದವರು ಸುಮ್ನೆ ಬಾಯಿ ಮುಚ್ಚಿಕೊಂಡರು. ನನ್ನ ಪಕ್ಕದ ಬೆಂಚಿನ ಹುಡುಗಿಯ ಮನೆಮಾತು ತೆಲುಗು. ಲೆಕ್ಕದಲ್ಲಿ ನಮಗಿಂತ ಎಷ್ಟೋ ಮುಂದೆ. ಆದರೆ ಕ್ಲಾಸಿನಲ್ಲಿ ಒಂದು ಡೌಟು ಕೇಳಿದ್ದನ್ನು ನಾನು ಕಂಡಿರಲಿಲ್ಲ. ಮೇಷ್ಟ್ರುಗಳು ಅವಳನ್ನು 'ತುಂಬಾ ಸೈಲೆಂಟ್' ಅಂತ ಹೊಗಳುತ್ತಿದ್ದರು ಬೇರೆ.

ಎಂಟನೇ ಕ್ಲಾಸಿಗೆ ಹೊಸ ವಿಜ್ಞಾನದ ಮೇಡಂ ಬಂದರು. ಅವರು ನಿಯಮದ ವಿರುದ್ಧ ಭಾಷಣವನ್ನೇನೂ ಮಾಡಲಿಲ್ಲ, ಕ್ಲಾಸಿನ ಬಾಗಿಲು ಹಾಕಿಕೊಂಡರು ಅಷ್ಟೇ. ಒಂದೇ ಮನೆಮಾತಿನವರನ್ನು ಒಟ್ಟಿಗೆ ಕೂರಿಸಿ ಒಂದು ಪ್ರಶ್ನೆ ಕೊಡುತ್ತಿದ್ದರು. ಒಂದೇ ಸೆಲ್ಲಿಗೆ ಎರಡು ಬಲ್ಬುಗಳನ್ನು ಸೀರೀಸ್‌ನಲ್ಲಿ ಹಾಕಿದರೆ ಯಾಕೆ ಮಂಕಾಗಿ ಉರಿಯುತ್ತವೆ? ಯಾವ ಭಾಷೆಯಲ್ಲಾದರೂ ಜಗಳ ಆಡಿ, ಕೊನೆಗೆ ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರೆಯಿರಿ ಅನ್ನುತ್ತಿದ್ದರು. ಅವತ್ತು ಆ 'ಸೈಲೆಂಟ್' ಹುಡುಗಿ ತೆಲುಗಿನಲ್ಲಿ ಪಟಪಟ ಅಂತ ವಾದ ಮಾಡಿದ್ದನ್ನು ನೋಡಿ ನಾವೆಲ್ಲ ತಿರುಗಿ ಕೂತೆವು. ಮೇಡಂಗೆ ತೆಲುಗು ಬರುತ್ತಿರಲಿಲ್ಲ, ಉರ್ದುವೂ ಇಲ್ಲ. ಚಿತ್ರ ಬರೆಸುತ್ತಿದ್ದರು, ಬೆರಳಿಟ್ಟು ತೋರಿಸು ಅನ್ನುತ್ತಿದ್ದರು. ಉತ್ತರದಲ್ಲಿ ವಿಜ್ಞಾನ ಸರಿ ಇದ್ದರೆ ಪೂರ್ತಿ ಮಾರ್ಕ್ಸ್, ಇಂಗ್ಲಿಷಿನ ತಪ್ಪುಗಳನ್ನು ಪೆನ್ಸಿಲಿನಲ್ಲಿ ಬೇರೆಯಾಗಿ ತಿದ್ದಿ ಕೊಡುತ್ತಿದ್ದರು. ಹಿಂದಿನ ಗೋಡೆಯ ಚಾರ್ಟಿನಲ್ಲಿ ಪ್ರತಿ ಪಾಠದ ಪದಗಳ ಪಕ್ಕ ನಮ್ಮ ನಮ್ಮ ಭಾಷೆಯದನ್ನು ಮನೆಯಲ್ಲಿ ಕೇಳಿಕೊಂಡು ಬಂದು ಬರೆಯುತ್ತಿದ್ದೆವು.

ಇದರ ಹಿಂದಿನ ಲೆಕ್ಕಾಚಾರ ಅರ್ಥವಾಗಿದ್ದು ಎಷ್ಟೋ ವರ್ಷ ಆದ ಮೇಲೆ. ಹೊಸ ಭಾಷೆಯಲ್ಲಿ ದಿನನಿತ್ಯದ ಮಾತುಕತೆ ಸುಮಾರು 2 ವರ್ಷಕ್ಕೆ ಬಂದುಬಿಡುತ್ತದೆ, ಪಾಠದ ಭಾಷೆ ಹಿಡಿತಕ್ಕೆ ಸಿಗಲು 5ರಿಂದ 7 ವರ್ಷ ಬೇಕಾಗುತ್ತದೆ ಎನ್ನುತ್ತಾರೆ ಕೆನಡಾದ ಶಿಕ್ಷಣತಜ್ಞ ಜಿಮ್ ಕಮಿನ್ಸ್. ಅಲ್ಲಿಯವರೆಗೆ ಬಲ್ಬು, ಸೆಲ್ಲು ಎಲ್ಲ ಕಾಯುತ್ತಾ ಕೂರಬೇಕಾ? ಒಂದು ಭಾಷೆಯಲ್ಲಿ ತಿಳಿದುಕೊಂಡದ್ದು ಇನ್ನೊಂದಕ್ಕೂ ಒದಗುತ್ತದೆ ಅನ್ನುವುದೂ ಅವರದೇ ಮಾತು. ಮಕ್ಕಳ ಓದು ಮನೆಮಾತಿನಲ್ಲಿ ಶುರುವಾಗಲಿ ಎಂದು ಯುನೆಸ್ಕೋ 1953ರಲ್ಲೇ ಹೇಳಿತ್ತು.

'ಅಪ್ಪ ಅಮ್ಮ ನಿಮ್ಮನ್ನು ಇಲ್ಲಿ ಹಾಕಿದ್ದೇ ಇಂಗ್ಲಿಷಿಗೆ ಅಲ್ವಾ' ಅಂತ ಆಗಲೂ ಕೇಳುತ್ತಿದ್ದರು, ಈಗಲೂ ಕೇಳುತ್ತಾರೆ. ಹೌದು, ಇಂಗ್ಲಿಷ್ ಬೇಕು, ಚೆನ್ನಾಗಿಯೇ ಬೇಕು. ನಾನು ಇಂಗ್ಲಿಷಿನಲ್ಲಿ ಮೊದಲ ಸಲ ಉದ್ದದ ಉತ್ತರ ಬರೆದದ್ದು ಆ ಮೇಡಂ ಕ್ಲಾಸಿನಲ್ಲೇ, ಬೋರ್ಡಿನ ಭಯದಲ್ಲಲ್ಲ.

ಬೋರ್ಡು ಈಗ ಇಲ್ಲವಂತೆ, ಸಂತೋಷ. ಆದರೆ ಸ್ಕೂಲ್ ಡೈರಿಯಲ್ಲಿ ಆ ನಿಯಮ ಹಾಗೇ ಇದೆ ಅಂತ ಕೇಳಿದೆ. ಅದನ್ನು ತೆಗೆಯಲು ಕಮಿಟಿ, ಮೀಟಿಂಗು ಅಂತ ತಡವಾಗಬಹುದು. ಶಾಲಾ ಪತ್ರಿಕೆಯ ಈ ಸಂಚಿಕೆ ಮಾಡುವವರಿಗೆ ಅಷ್ಟು ಕಾಯುವ ಅಗತ್ಯವಿಲ್ಲ. ಮುಂದಿನ ಸಲ ತೆಲುಗು, ಉರ್ದು, ತುಳು ಮಕ್ಕಳಿಂದಲೂ ಬರೆಸಿ. ಟೈಪ್ ಮಾಡುವವರು ಸಿಗದಿದ್ದರೆ ಅವರ ಕೈಬರಹವನ್ನೇ ಸ್ಕ್ಯಾನ್ ಮಾಡಿ ಹಾಕಿ.