ಬಿರುಗಾಳಿಯ ಗಿರಾಕಿ

26 ಜನವರಿ 2025, ಭಾನುವಾರ
ಸ್ಟೋರ್ನೊವೇ, ಲೂಯಿಸ್ ದ್ವೀಪ, ಸ್ಕಾಟ್ಲೆಂಡ್

ಶುಕ್ರವಾರ ಹಡಗು ಬರಲಿಲ್ಲ. ಏಯೋವಿನ್ ಅಂತ ಹೆಸರಿಟ್ಟ ಬಿರುಗಾಳಿ ಐರ್ಲೆಂಡನ್ನೂ ಸ್ಕಾಟ್ಲೆಂಡನ್ನೂ ಒಟ್ಟಿಗೆ ಜಾಡಿಸಿ ಹೋಯಿತು. ನಮಗೆ ತಗುಲಿದ್ದು ಅದರ ಅಂಚು ಮಾತ್ರ. ಅಂಚಿಗೇ ಕಿಟಕಿಗಳು ಹಲ್ಲು ಕಡಿಯುತ್ತಿದ್ದವು.

ನಿನ್ನೆ ಬೆಳಿಗ್ಗೆ ಊರಿನ ಸೂಪರ್‌ಮಾರ್ಕೆಟ್ ಒಂದಕ್ಕೆ ಹೋದೆ. ಬ್ರೆಡ್ ಇಡುವ ಕಡೆ ಬರೀ ತಗಡು. ಹಾಲಿನ ಕಡೆ ನಾಲ್ಕೇ ಬಾಟಲಿ, ಅವೂ ಕೆನೆ ತೆಗೆದ ನೀರು ಹಾಲು. ಇದರಲ್ಲಿ ಯಾರ ತಪ್ಪೂ ಇಲ್ಲ. ಇಂಥ ಅಂಗಡಿಗಳು ಹಿಂದುಗಡೆ ಜಾಸ್ತಿ ದಾಸ್ತಾನು ಇಟ್ಟುಕೊಳ್ಳುವುದಿಲ್ಲ. ಇವತ್ತು ಎಷ್ಟು ಮಾರಾಟವಾಯಿತು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಅಷ್ಟನ್ನು ಮೇನ್‌ಲ್ಯಾಂಡಿನ, ಅಂದರೆ ಸಮುದ್ರದಾಚೆಯ ಬ್ರಿಟನ್ನಿನ ಮುಖ್ಯ ನೆಲದ, ಗೋದಾಮಿನಲ್ಲಿ ಲಾರಿಗೆ ತುಂಬುತ್ತಾರೆ. ಲಾರಿ ಅಲ್ಲಾಪೂಲ್ ಬಂದರಿಗೆ ಬಂದು ಹಡಗು ಹತ್ತುತ್ತದೆ. ಅಲ್ಲಿಂದ ಇಲ್ಲಿಗೆ ಎರಡೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ ನಮ್ಮ ನಾಳಿನ ಬ್ರೆಡ್ಡು ಯಾವಾಗಲೂ ಸಮುದ್ರದ ಆಚೆಯೇ ಇರುತ್ತದೆ.

ಆಮೇಲೆ ಹೋದದ್ದು ಗಲ್ಲಿಯ ಸಣ್ಣ ಅಂಗಡಿಗೆ. ಬಾಗಿಲು ತೆಗೆದರೆ ಗಂಟೆ ಕಿಣಿ ಅನ್ನುವ ಅಂಗಡಿ. ಗಲ್ಲಾದಲ್ಲಿ ಕೂರುವ ಅಜ್ಜಿಗೆ ಎಪ್ಪತ್ತು ದಾಟಿದೆ. ಅಲ್ಲಿ ಬ್ರೆಡ್ ಇತ್ತು. ಇದೇ ಊರಿನ ಬೇಕರಿಯಲ್ಲಿ ಬೇಯಿಸಿದ್ದು, ಮುಟ್ಟಿದರೆ ಇನ್ನೂ ಮೆತ್ತಗಿತ್ತು. ಬ್ರೆಡ್ಡು ನಾಲ್ಕು ದಿನಕ್ಕೆ ಹಳಸುತ್ತದೆ, ಮೈದಾ ಮೂಟೆ ತಿಂಗಳುಗಟ್ಟಲೆ ಕೂರುತ್ತದೆ. ಇಷ್ಟು ಸರಳ ವಿಷಯ ನನಗೆ ಹೊಳೆಯಲು ನಾಲ್ಕು ಚಳಿಗಾಲ ಬೇಕಾಯಿತು.

"ಹಡಗು ಬರಲಿಲ್ಲ ಅಲ್ವಾ?" ಅಂದರು ಅಜ್ಜಿ.

"ಹೂಂ, ಬರಲಿಲ್ಲ."

"ಗೊತ್ತಾಯಿತು. ನೀವು ಬಂದಿರಲ್ಲ!"

ನಗುತ್ತಲೇ ಅಂದರು. ಅವರಿಗೆ ನಾನು ಬಿರುಗಾಳಿಯ ಗಿರಾಕಿ. ಗಾಳಿ ಎದ್ದಾಗ ಮಾತ್ರ ಕಾಣಿಸಿಕೊಳ್ಳುವವಳು. ವಾರದ ದಿನಸಿಯೆಲ್ಲ ಚೈನ್ ಅಂಗಡಿಯಲ್ಲಿ, ಅಂದರೆ ಊರೂರಲ್ಲಿ ಶಾಖೆ ಇರುವ ಸೂಪರ್‌ಮಾರ್ಕೆಟ್‌ನಲ್ಲಿ. ಇವರ ಹತ್ತಿರ ತೊಗೊಳ್ಳುವುದು ಮರೆತುಹೋದ ಬೆಂಕಿಪೊಟ್ಟಣ, ಮಗಳು ಹಟ ಮಾಡಿದ ಚಾಕೊಲೇಟು, ಮತ್ತೆ ಬಿರುಗಾಳಿಯ ಬ್ರೆಡ್ಡು.

ಯಾಕೆ ಹೀಗೆ ಅಂತ ಕೇಳಿದರೆ ಉತ್ತರ ಸುಲಭ. ಅಜ್ಜಿಯ ಅಂಗಡಿಯಲ್ಲಿ ಜಾಸ್ತಿ ಬೆಲೆ. ಮೊದಲ ವರ್ಷ ನಾನೂ ಗೊಣಗಿದ್ದೆ, ಪರದೇಶದವಳು ಅಂತ ಸುಲಿಗೆ ಮಾಡುತ್ತಿದ್ದಾರೇನೋ ಅಂತ. ಆಮೇಲೆ ಲೆಕ್ಕ ತಿಳಿಯಿತು. ದೊಡ್ಡ ಸೂಪರ್‌ಮಾರ್ಕೆಟ್‌ಗಳು ಸಾಮಾನ್ಯವಾಗಿ ದೇಶವಿಡೀ ಒಂದೇ ಬೆಲೆ ಹಾಕುತ್ತವೆ. ನಮ್ಮ ಅಕ್ಕಿ ಸಮುದ್ರ ದಾಟಿದ ಖರ್ಚು ಲಂಡನ್ನಿನಲ್ಲೋ ಗ್ಲಾಸ್ಗೋದಲ್ಲೋ ಅಕ್ಕಿ ಕೊಳ್ಳುವವರ ಬಿಲ್ಲಿನಲ್ಲಿ ಕರಗಿ ಹೋಗುತ್ತದೆ. ಕೋಟ್ಯಂತರ ಜನ ಹಂಚಿಕೊಂಡರೆ ಎಷ್ಟು ಮಹಾ? ಅಜ್ಜಿಗೆ ಲಂಡನ್ನಿನಲ್ಲಿ ಗಿರಾಕಿ ಇಲ್ಲ. ಅವರು ತರಿಸುವ ಒಂದೊಂದು ಡಬ್ಬಕ್ಕೂ ಹಡಗಿನ ಬಾಡಿಗೆ ಅವರೇ ಕೊಡಬೇಕು, ಅವರ ಗಿರಾಕಿಯಿಂದಲೇ ವಸೂಲಿ ಮಾಡಬೇಕು. ಎರಡೂ ಅಂಗಡಿಗಳ ಸಾಮಾನು ದಾಟುವುದು ಅದೇ ಸಮುದ್ರವನ್ನು. ಒಂದು ಅಂಗಡಿ ಅದನ್ನು ಬಿಲ್ಲಿನಲ್ಲಿ ತೋರಿಸುತ್ತದೆ, ಇನ್ನೊಂದು ತೋರಿಸುವುದಿಲ್ಲ. ತೋರಿಸಿದವರಿಗೆ ದುಬಾರಿ ಅಂಗಡಿ ಅಂತ ಹೆಸರು ಬಂತು.

ಹಾಗಂತ ಚೈನ್ ಅಂಗಡಿ ಇಲ್ಲದಿದ್ದರೆ ಚೆನ್ನಾಗಿರುತ್ತಿತ್ತು ಅಂತ ನಾನು ಹೇಳಲಾರೆ. ದೂರದ ಸ್ಕಾಟ್ಲೆಂಡಿನಲ್ಲಿ ಸಾಧಾರಣವಾಗಿ ಬದುಕಲು ಎಷ್ಟು ಬೇಕು ಅಂತ 2013ರಲ್ಲಿ ಒಂದು ಅಧ್ಯಯನ ಬಂದಿತ್ತು. ಬ್ರಿಟನ್ನಿನ ಪಟ್ಟಣಗಳಿಗಿಂತ ಇಲ್ಲಿ ಶೇಕಡಾ 10ರಿಂದ 40ರಷ್ಟು ಜಾಸ್ತಿ ಬೇಕು ಅಂತ ಅದರ ಲೆಕ್ಕ. ಮನೆ ಬಿಸಿ ಮಾಡುವ ಎಣ್ಣೆ, ಪೆಟ್ರೋಲು, ಓಡಾಟ, ಎಲ್ಲಾ ಸೇರಿ. ಇಂಥ ಕಡೆ ಅಕ್ಕಿ ಬೇಳೆಯಾದರೂ ಲಂಡನ್ನಿನ ಬೆಲೆಗೆ ಸಿಗುತ್ತದೆ ಅಂದರೆ ಮೂರು ಮಕ್ಕಳಿರುವ ಮನೆಗೆ ಅದು ಸಣ್ಣ ಮಾತಲ್ಲ. ನನ್ನ ಜೊತೆ ಕೆಲಸ ಮಾಡುವವಳೊಬ್ಬಳು ಹೇಳಿದಳು, "ಲೋಕಲ್ ಅಂಗಡಿ ಉಳಿಸಿ ಅಂತ ಭಾಷಣ ಮಾಡೋರಿಗೆಲ್ಲ ಸಂಬಳ ಚೆನ್ನಾಗಿದೆ." ನನಗೆ ಚುರುಕ್ ಅಂತು. ನನ್ನ ಸಂಬಳವೂ ಅಂಥ ಕೆಟ್ಟದೇನಲ್ಲ.

ಇನ್ನೊಂದು ತಮಾಷೆ ಇದೆ. ದ್ವೀಪದವರಿಗೆ ಓಡಾಟ ಅಗ್ಗವಾಗಲಿ ಅಂತ 2008ರ ಅಕ್ಟೋಬರ್‌ನಲ್ಲಿ ಸರ್ಕಾರ ಹಡಗಿನ ದರ ಇಳಿಸಿತು. ಅಷ್ಟೇ ದೂರ ರಸ್ತೆಯಲ್ಲಿ ಹೋದರೆ ಎಷ್ಟು ಖರ್ಚಾಗುತ್ತದೋ ಹಡಗಿಗೂ ಅಷ್ಟೇ ಅಂತ ಲೆಕ್ಕ. ಮೊದಲು ಪ್ರಯೋಗಕ್ಕೆ ಆರಿಸಿದ್ದರಲ್ಲಿ ನಮ್ಮ ದ್ವೀಪಗಳೂ ಇದ್ದವು. ಪ್ರವಾಸಿಗರು ಬಂದರು, ಒಳ್ಳೆಯದೇ ಆಯಿತು. ಆದರೆ ಅದೇ ಅಗ್ಗದ ಟಿಕೆಟ್ಟಿನಲ್ಲಿ ಕಾರು ಹತ್ತಿಸಿಕೊಂಡು ಮೇನ್‌ಲ್ಯಾಂಡಿನ ಇನ್ವರ್‌ನೆಸ್ ನಗರಕ್ಕೆ ಹೋಗಿ, ಡಿಕ್ಕಿ ತುಂಬಾ ಸಾಮಾನು ತುಂಬಿಕೊಂಡು ಬರುವುದೂ ಸುಲಭವಾಯಿತು. ನಾವೂ ಹೋಗಿದ್ದೇವೆ, ವರ್ಷಕ್ಕೆ ಎರಡು ಸಲ. 2012ರಲ್ಲಿ ದೊಡ್ಡ ಲಾರಿಗಳನ್ನು ಈ ರಿಯಾಯಿತಿಯಿಂದ ತೆಗೆದರು. ಕೊಳ್ಳಲು ಹೊರಟ ನನ್ನ ಕಾರಿಗೆ ಅಗ್ಗ, ಅಜ್ಜಿಯ ಅಂಗಡಿಗೆ ಸಾಮಾನು ತರುವ ಲಾರಿಗೆ ದುಬಾರಿ! ಲಾರಿಯವರೂ ವ್ಯಾಪಾರಿಗಳೂ ಆಗ ತುಂಬಾ ಕೂಗಾಡಿದರಂತೆ.

ಆನ್‌ಲೈನ್ ವಿಷಯ ಬರೆಯಲೇಬೇಕು, ಯಾಕೆಂದರೆ ಅದರಲ್ಲಿ ನನ್ನ ಮಾನ ಹೋಗಿದೆ. ಆಗಸ್ಟಿನಲ್ಲಿ ಮಗಳಿಗೆ ಶಾಲೆಯ ಶೂ ಬೇಕಿತ್ತು. ಊರಿನ ಅಂಗಡಿಯಲ್ಲಿ ಕೂತು ಐದು ಜೊತೆ ಹಾಕಿಸಿ ನೋಡಿದೆವು. ಅಂಗಡಿಯವರು ಮೊಣಕಾಲೂರಿ ಕೂತು ಕಾಲಿನ ಅಳತೆ ತೆಗೆದರು. "ಯೋಚನೆ ಮಾಡ್ತೀವಿ" ಅಂತ ಎದ್ದು ಬಂದೆ. ಮನೆಗೆ ಬಂದು ಅದೇ ಶೂ ಒಂದು ವೆಬ್‌ಸೈಟಿನಲ್ಲಿ ಆರು ಪೌಂಡ್ ಕಡಿಮೆಗೆ ಹುಡುಕಿದೆ. ವಿಳಾಸ ಹಾಕಿದೆ. ನಮ್ಮ ಪಿನ್‌ಕೋಡ್ ಎಚ್‌ಎಸ್ ಅಂತ ಶುರುವಾಗುತ್ತದೆ. ಅದನ್ನು ಕಂಡ ಕೂಡಲೇ ಸಾಗಣೆ ಹನ್ನೆರಡು ಪೌಂಡ್ ಅಂತು. ಇನ್ನೊಂದು ವೆಬ್‌ಸೈಟು ಇನ್ನೂ ನೇರ: 'ಮೇನ್‌ಲ್ಯಾಂಡಿಗೆ ಮಾತ್ರ'. ಅಂಚೆಯವರು ಒಂದೇ ಸ್ಟಾಂಪಿಗೆ ದೇಶದ ಯಾವ ಮೂಲೆಗೂ ಕಾಗದ ಮುಟ್ಟಿಸುತ್ತಾರೆ. ಕೊರಿಯರ್‌ನವರಿಗೆ ಮಾತ್ರ ನಾವು ವಿದೇಶ. ಮರುದಿನ ತಲೆ ತಗ್ಗಿಸಿಕೊಂಡು ಅದೇ ಅಂಗಡಿಗೆ ಹೋದೆ. ಅವರು ಏನೂ ಕೇಳಲಿಲ್ಲ. ಶೂ ಡಬ್ಬ ಗಲ್ಲಾದ ಕೆಳಗೇ ಎತ್ತಿಟ್ಟಿದ್ದರು. ಎಷ್ಟು ಜನರನ್ನು ಹೀಗೆ ನೋಡಿದ್ದಾರೋ!

ಮಧ್ಯಾಹ್ನ ಹಳೆಯ ಓದು ಒಂದು ನೆನಪಾಯಿತು. 1918ರಲ್ಲಿ ಈ ಇಡೀ ದ್ವೀಪವನ್ನೇ ಒಬ್ಬರು ಕೊಂಡುಕೊಂಡರು, ಲಾರ್ಡ್ ಲೀವರ್‌ಹ್ಯೂಮ್. ಸನ್‌ಲೈಟ್, ಲೈಫ್‌ಬಾಯ್ ಸೋಪು ಮಾಡಿದ ಲಿವರ್ ಕಂಪನಿಯ ಯಜಮಾನರು. ಸ್ಟೋರ್ನೊವೇಯನ್ನು ದೊಡ್ಡ ಮೀನುಗಾರಿಕೆ ಬಂದರು ಮಾಡಬೇಕು ಅಂತ ಅವರ ಕನಸು. ಇಷ್ಟು ಮೀನು ಹಿಡಿದರೆ ಮಾರುವುದೆಲ್ಲಿ? ಅದಕ್ಕೆ ಮೇನ್‌ಲ್ಯಾಂಡಿನ ಊರೂರಲ್ಲಿ ಮೀನಂಗಡಿಗಳನ್ನು ಕೊಳ್ಳುತ್ತಾ ಹೋದರು. ಮ್ಯಾಕ್ ಫಿಶರೀಸ್ ಅಂತ ಹೆಸರು. ಕೆಲವೇ ವರ್ಷದಲ್ಲಿ ಮುನ್ನೂರಕ್ಕೂ ಜಾಸ್ತಿ ಅಂಗಡಿ. ಇತ್ತ ದ್ವೀಪದಲ್ಲಿ ಯುದ್ಧದಿಂದ ಮರಳಿದ ಗಂಡಸರು, ನಮಗೆ ಕಾರ್ಖಾನೆ ಬೇಡ, ಉಳಲು ತುಂಡು ನೆಲ ಕೊಡಿ ಅಂತ ಜಮೀನಿಗೆ ನುಗ್ಗಿದರು. ಸಾಹೇಬರ ಹಣದ ಪರಿಸ್ಥಿತಿಯೂ ಬಿಗಡಾಯಿಸಿತು. 1923ರಲ್ಲಿ ಸ್ಟೋರ್ನೊವೇ ಸುತ್ತಲಿನ ನೆಲವನ್ನು ಜನರಿಗೇ ಬಿಟ್ಟುಕೊಟ್ಟು ಹೊರಟರು. ಅದನ್ನು ನೋಡಿಕೊಳ್ಳುವ ಸ್ಟೋರ್ನೊವೇ ಟ್ರಸ್ಟ್ ಇವತ್ತಿಗೂ ಇದೆ. ದ್ವೀಪದ ಕನಸು ಮುಳುಗಿತು. ದ್ವೀಪದ ಮೀನಿಗಾಗಿ ಹುಟ್ಟಿದ ಚೈನ್ ಅಂಗಡಿಗಳು ಮಾತ್ರ ಮೇನ್‌ಲ್ಯಾಂಡಿನಲ್ಲಿ 1979ರವರೆಗೂ ನಡೆದವು.

ಲೋಕಲ್ ಅಂಗಡಿ ಅಂದರೆ ಯಾವುದು ಅನ್ನುವುದೂ ಅಷ್ಟು ಸಲೀಸಲ್ಲ. 1930ರ ದಶಕದ ಹೊತ್ತಿಗೆ ಈಗ ಪಾಕಿಸ್ತಾನದಲ್ಲಿರುವ ಪಂಜಾಬಿನ ಕಡೆಯ ಕೆಲವರು ಇಲ್ಲಿಗೆ ಬಂದಿದ್ದರು. ಸೂಟ್‌ಕೇಸಿನಲ್ಲಿ ಬಟ್ಟೆ ತುಂಬಿಕೊಂಡು ಈ ಗಾಳಿಯಲ್ಲಿ ಹಳ್ಳಿಯಿಂದ ಹಳ್ಳಿಗೆ, ಮನೆ ಮನೆ ಬಾಗಿಲಿಗೆ ಹೋಗಿ ಮಾರುತ್ತಿದ್ದರು. ವ್ಯಾಪಾರಕ್ಕೆ ಬೇಕಲ್ಲ, ಇಲ್ಲಿನವರ ಭಾಷೆ ಗೇಲಿಕ್ ಕಲಿತರು. ಆಮೇಲೆ ಪೇಟೆಯಲ್ಲಿ ಅಂಗಡಿ ಹಾಕಿದರು. ಅವರ ಮೊಮ್ಮಕ್ಕಳನ್ನು ಹೊರಗಿನವರು ಅಂದರೆ ಊರು ನಗುತ್ತದೆ. 2018ರಲ್ಲಿ ಇಲ್ಲಿ ಮಸೀದಿಯೂ ಆಯಿತು. ಅತ್ತ ಚೈನ್ ಅಂಗಡಿಯ ಗಲ್ಲಾದಲ್ಲಿ ಕೂರುವವರು ಯಾರು? ಇದೇ ಊರಿನ ಮಕ್ಕಳು. ನನ್ನ ಪಕ್ಕದ ಮನೆಯ ಹುಡುಗ ಕಾಲೇಜಿನ ಖರ್ಚಿಗೆ ದುಡಿಯುವುದು ಅಲ್ಲೇ. ಅಜ್ಜಿಯ ಅಂಗಡಿಯಲ್ಲಿ ಇನ್ನೊಬ್ಬರಿಗೆ ಕೆಲಸ ಕೊಡುವಷ್ಟು ವ್ಯಾಪಾರವೇ ಇಲ್ಲ. ಅದಕ್ಕೆ ನನ್ನಂಥವರೂ ಕಾರಣ ಅನ್ನಿ.

ಎರಡರ ನಡುವೆ ಮೂರನೆಯ ದಾರಿಯೂ ಒಂದಿದೆ. ಪಶ್ಚಿಮದ ತುದಿಯಲ್ಲಿ ಊಯಿಗ್ ಅಂತ ಜಾಗ. 1831ರಲ್ಲಿ ದಂತದ ಚದುರಂಗದ ಕಾಯಿಗಳು ಸಿಕ್ಕಿದ್ದು ಅಲ್ಲೇ, ಮರಳಿನಲ್ಲಿ. ಅಲ್ಲಿ ಊರಿನವರೇ ಸೇರಿ ನಡೆಸುವ ಅಂಗಡಿ ಇದೆ, ಬೂ ಊಯಿಗ. 'ಬೂ' ಅಂದರೆ ಗೇಲಿಕ್‌ನಲ್ಲಿ ಅಂಗಡಿ. ದಿನಸಿ, ಪೆಟ್ರೋಲು ಎಲ್ಲಾ ಒಂದೇ ಕಡೆ. ಬೇಸಿಗೆಯಲ್ಲಿ ಹೋಗಿದ್ದಾಗ ನಾನು ನೋಡಿದ್ದು: ಒಬ್ಬರು ಕುರಿ ಔಷಧದ ಬಗ್ಗೆ ಕೇಳುತ್ತಿದ್ದರು, ಇನ್ನೊಬ್ಬರು ಯಾರದೋ ತಾಯಿಯ ಆರೋಗ್ಯ ಕೇಳುತ್ತಿದ್ದರು, ಐಸ್‌ಕ್ರೀಮಿಗೆ ಕಾಯುತ್ತಿದ್ದ ನಾವು ಕಾಯುತ್ತಲೇ ಇದ್ದೆವು. ಅಲ್ಲಿಂದ ಪೇಟೆಗೆ ಕಾರಿನಲ್ಲಿ ಸುಮಾರು ಒಂದು ಗಂಟೆ. ಅಂಥ ಕಡೆಗೆ ಯಾವ ಚೈನ್ ಅಂಗಡಿಯೂ ಬರುವುದಿಲ್ಲ. ಊರೇ ಮುಚ್ಚಬೇಕು ಇಲ್ಲವೇ ಊರೇ ಅಂಗಡಿ ನಡೆಸಬೇಕು.

ಇನ್ನು ನಿನ್ನೆಯ ವಿಷಯಕ್ಕೆ ಬರುತ್ತೇನೆ, ಇದೆಲ್ಲ ಬರೆಯಲು ಕೂತದ್ದೇ ಅದಕ್ಕೆ.

ಬ್ರೆಡ್ಡಿಗೆ ಕಾರ್ಡ್ ತೆಗೆದೆ. ಅಜ್ಜಿ ಗಲ್ಲಾದ ಕೆಳಗಿಂದ ಒಂದು ಉದ್ದನೆಯ ಪುಸ್ತಕ ತೆಗೆದು ಬೇರೆ ಯಾರದೋ ಲೆಕ್ಕ ಹುಡುಕುತ್ತಿದ್ದರು. ಹಾಳೆ ತಿರುಗಿಸುವಾಗ ನನ್ನ ಹೆಸರು ಕಂಡಿತು. ಕಾಗುಣಿತ ತಪ್ಪಾಗಿ, ಆದರೂ ನನ್ನದೇ. ನಾಲ್ಕು ಪೌಂಡ್ ಇಪ್ಪತ್ತು ಪೆನ್ಸ್. ತಾರೀಕು ಹೋದ ವರ್ಷದ ಫೆಬ್ರವರಿ. ಆಗ ನೆನಪಾಯಿತು. ಆ ಸಂಜೆ ಅವರ ಕಾರ್ಡ್ ಮಷಿನ್ ಕೆಲಸ ಮಾಡಿರಲಿಲ್ಲ. "ಆಮೇಲೆ ಕೊಡಿ" ಅಂದಿದ್ದರು. ಆ ಆಮೇಲೆ ಹನ್ನೊಂದು ತಿಂಗಳಾಗಿದೆ. ಮಧ್ಯೆ ಬೆಂಕಿಪೊಟ್ಟಣಕ್ಕೆ, ಚಾಕೊಲೇಟಿಗೆ ಎಷ್ಟೋ ಸಲ ಹೋಗಿದ್ದೇನೆ.

"ಯಾಕೆ ಹೇಳಲಿಲ್ಲ?" ಅಂದೆ.

"ಎಲ್ಲಿಗೆ ಹೋಗ್ತೀರಿ? ದ್ವೀಪ ತಾನೆ" ಅಂದರು.

ಈಗಲೇ ಕಾರ್ಡಿನಲ್ಲಿ ಕೊಡುತ್ತೇನೆ ಅಂದೆ. ಹಳೇ ಲೆಕ್ಕಕ್ಕೆ ನಗದೇ ಕೊಡಿ, ಕಾರ್ಡಿನವರು ಕಮಿಷನ್ ಹಿಡಿಯುತ್ತಾರೆ ಅಂದರು. ನನ್ನ ಹತ್ತಿರ ಒಂದು ಪೆನ್ನಿಯೂ ಇರಲಿಲ್ಲ. ಈ ಕಾಲದಲ್ಲಿ ಯಾರು ಇಟ್ಟುಕೊಂಡು ಓಡಾಡುತ್ತಾರೆ?

ಇವತ್ತು ಭಾನುವಾರ, ಅಜ್ಜಿಯ ಅಂಗಡಿ ಮುಚ್ಚಿರುತ್ತದೆ. ಈ ದ್ವೀಪದಲ್ಲಿ ಭಾನುವಾರ ಅಂದರೆ ದೇವರ ದಿನ, ಇದರ ಮೇಲೆ ಎಷ್ಟೋ ಜಗಳ ಆಗಿವೆ. ಇಲ್ಲಿಂದ ಭಾನುವಾರದ ಹಡಗು ಶುರುವಾಗಿದ್ದೇ 2009ರ ಜುಲೈನಲ್ಲಿ. ಟೆಸ್ಕೊ ಸೂಪರ್‌ಮಾರ್ಕೆಟ್ ಇಲ್ಲಿ ಭಾನುವಾರ ಬಾಗಿಲು ತೆರೆಯಲು ಶುರು ಮಾಡಿದ್ದು ಮೊನ್ನೆ ಮೊನ್ನೆ, 2024ರ ನವೆಂಬರ್ 17ರಂದು. ಬೇಡ ಅಂತ ಸಹಿ ಸಂಗ್ರಹವೂ ನಡೆದಿತ್ತು. ಅಜ್ಜಿ ಸಹಿ ಹಾಕಿದ್ದರಂತೆ. ವ್ಯಾಪಾರಕ್ಕಾಗಿ ಅಲ್ಲ, ಚರ್ಚಿಗಾಗಿ. ನಾನು ಹಾಕಿರಲಿಲ್ಲ. ಪಾಳಿ ಕೆಲಸದವರಿಗೆ ಭಾನುವಾರ ಅಂಗಡಿ ತೆರೆದಿದ್ದರೆ ಎಷ್ಟು ಅನುಕೂಲ ಅಂತ ನನಗೆ ಗೊತ್ತು.

ಸಂಜೆ ನಗದು ತರೋಣ ಅಂತ ಹೊರಟೆ. ಎಟಿಎಂ ಕೊಟ್ಟಿದ್ದು ಹತ್ತರ ನೋಟು. ಅಜ್ಜಿಗೆ ಸರಿಯಾಗಿ ನಾಲ್ಕು ಪೌಂಡ್ ಇಪ್ಪತ್ತು ಕೊಡಬೇಕು. ಚಿಲ್ಲರೆ ಕೊಡಿ ಅಂತ ಅವರಿಗೇ ಹತ್ತರ ನೋಟು ಚಾಚುವುದು ಹನ್ನೊಂದು ತಿಂಗಳ ಮೇಲೆ ಚೆನ್ನಾಗಿರುವುದಿಲ್ಲ. ಊರಲ್ಲಿ ತೆರೆದಿದ್ದ ಅಂಗಡಿ ಯಾವುದು ಅಂತ ಬರೆಯಬೇಕಿಲ್ಲ. ಒಳಗೆ ಹೋಗಿ ಒಂದು ಪೊಟ್ಟಣ ಉಪ್ಪು ತೊಗೊಂಡೆ. ಮನೆಯಲ್ಲಿ ಆಗಲೇ ಎರಡಿತ್ತು.